ಚೀನಾ ವ್ಯಾನೂ ಫೋರ್‌ಮನ್ ಅಣ್ಣನ ಸಹಿಯೂ

ಕಳೆದ ತಿಂಗಳು ಪಕ್ಕದ ಮನೆಯವರ ಹಳೆಯ ಓಮ್ನಿಯಲ್ಲಿ ಕುಳಿತು ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೊರಟಿದ್ದೆ. ಮುಂದಿನ ಸೀಟು. ನವನಗರ ದಾಟುವಷ್ಟರಲ್ಲಿ ಸೀಟಿನ ಕೆಳಗಿನಿಂದ ಬಿಸಿ ಏರತೊಡಗಿತು, ಅದರ ಜೊತೆಗೆ ಆ ವಾಸನೆ. ಕಾದ ರಬ್ಬರು, ಪೆಟ್ರೋಲು, ಬೆಂದ ಧೂಳು. ಎಂಜಿನ್ನು ಸೀಟಿನ ಅಡಿಯಲ್ಲೇ ಇರುವ ಗಾಡಿಗಳಿಗೆ ಮಾತ್ರ ಬರುವ ವಾಸನೆ ಅದು. ಪಕ್ಕದ ಮನೆಯವರು ಮಗಳ ಮದುವೆಗೆ ಗೊತ್ತು ಮಾಡಿದ ಕಲ್ಯಾಣ ಮಂಟಪದ ಬಗ್ಗೆ ಏನೋ ಹೇಳುತ್ತಿದ್ದರು. ನನ್ನ ಕಿವಿಗೆ ಒಂದಕ್ಷರವೂ ಬೀಳಲಿಲ್ಲ. ಮೈ ಉರಿಯುತ್ತಿತ್ತು. ಸೀಟಿನ ಬಿಸಿ ಸ್ವಲ್ಪ, ಉಳಿದದ್ದೆಲ್ಲ ಸಿಟ್ಟು.

ಹದಿನೈದು ಹದಿನಾರು ವರ್ಷದ ಹಳೆಯ ಸಿಟ್ಟು. ವರ್ಷ ಕಳೆದ ಹಾಗೆ ಎಲ್ಲ ತಣ್ಣಗಾಗುತ್ತದೆ ಎಂದು ಉಪದೇಶ ಮಾಡುವವರು ಸಿಕ್ಕಿದರೆ ನನಗೆ ಅವರ ಮೇಲೂ ಸಿಟ್ಟು ಬರುತ್ತದೆ.

ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾಗಿದ್ದ ಕಾಲ. ನಾವು ಮಸ್ಕತ್ತಿನ ವಾದಿ ಕಬೀರ್‌ನಲ್ಲಿದ್ದೆವು. ನನ್ನವರು ಬಾಗಲಕೋಟೆ ಕಡೆಯ ಸಿವಿಲ್ ಎಂಜಿನಿಯರು, ರಸ್ತೆ ಮಾಡುವ ಕಂಪನಿಯಲ್ಲಿ ಕೆಲಸ. ಮಗ ಅಲ್ಲಿಯ ಇಂಡಿಯನ್ ಶಾಲೆಗೆ ಹೋಗತೊಡಗಿದ ಮೇಲೆ ಹಗಲು ಮನೆಯಲ್ಲಿ ನಾನೂ ಏಸಿಯೂ ಇಬ್ಬರೇ. ಬಿ.ಕಾಂ. ಮುಗಿಸಿ ಟೈಪಿಂಗ್ ಪಾಸಾದವಳು ಎಷ್ಟು ದಿನ ಅಂತ ಬರೀ ರೊಟ್ಟಿ ಬಡಿದುಕೊಂಡು ಕೂಡಲಿ? ನನ್ನವರ ಕಂಪನಿಯ ಮಾಲೀಕರದೇ ಇನ್ನೊಂದು ಕಂಪನಿ ಇತ್ತು, ವಾಹನ ಮಾರುವುದು. ಶೋರೂಮು ಅಲ್ ಅಜೈಬಾದಲ್ಲಿ, ಗಾಜಿನ ಗೋಡೆ, ಮುಖ ಕಾಣುವಂಥ ನೆಲ. ವರ್ಕ್‌ಶಾಪು ಮಾತ್ರ ನಮ್ಮ ವಾದಿ ಕಬೀರ್‌ನಲ್ಲಿ, ಟೈರಿನ ಅಂಗಡಿಗಳ ನಡುವೆ. ಅಲ್ಲಿಯ ಆಫೀಸಿಗೆ ಟೈಪಿಸ್ಟ್ ಬೇಕು ಎಂದಾಗ ಸೇರಿಕೊಂಡೆ. ನಮಗೆ ತನ್ನ ಹೆಸರಿನಲ್ಲಿ ವೀಸಾ ಕೊಟ್ಟು ಕೆಲಸಕ್ಕೆ ಇಟ್ಟುಕೊಂಡ ಕಫೀಲ್ ಗಂಡ ಹೆಂಡತಿ ಇಬ್ಬರಿಗೂ ಒಬ್ಬನೇ. ಆಗ ಅದು ದೊಡ್ಡ ಅನುಕೂಲ ಅನ್ನಿಸಿತ್ತು. ಎಂಥ ದಡ್ಡತನ!

ನಾನು ಸೇರಿದ ವರ್ಷವೇ ಚೀನಾದ ಆ ಪುಟ್ಟ ವ್ಯಾನು ಬಂತು. ಕಂಟೇನರಿನಿಂದ ಇಳಿದಾಗ ಸೀಟಿನ ಮೇಲೆ ಪ್ಲಾಸ್ಟಿಕ್ಕು, ಕನ್ನಡಿಗಳಿಗೆ ಥರ್ಮಾಕೋಲು. ಜಪಾನಿನ ಪಿಕಪ್ಪಿನ ಅರ್ಧ ಬೆಲೆಗೆ ಸಿಗುವ ಗಾಡಿ ಎಂದು ಶೋರೂಮಿನವರು ಎಲ್ಲ ಕಡೆ ಬ್ಯಾನರ್ ಕಟ್ಟಿದರು. ಕೊಂಡವರು ಯಾರು? ಲಾಂಡ್ರಿಯವರು, ಬೇಕರಿಯವರು, ಟೈಲರುಗಳು, ತರಕಾರಿ ಮಾರುವವರು. ಅದುವರೆಗೆ ಯಾರದೋ ಪಿಕಪ್ಪಿನ ಹಿಂದೆ ಸಾಮಾನಿನ ಜೊತೆ ಕೂತು ಓಡಾಡುತ್ತಿದ್ದ ಜನ. ಮೊದಲ ಸಲ ಹೊಸ ಗಾಡಿಯ ಕೀಲಿ ಕೈಗೆ ಬಂದಾಗ ಅವರ ಮುಖ ನೋಡಬೇಕಿತ್ತು. ಅಲ್ ಅಜೈಬಾದ ದೊಡ್ಡ ಬಂಗಲೆಗಳವರು ಆ ವ್ಯಾನನ್ನು ಕಂಡು ಬೆಂಕಿಪೊಟ್ಟಣ ಎಂದು ನಗುತ್ತಿದ್ದರು.

ವರ್ಕ್‌ಶಾಪಿನ ಫೋರ್‌ಮನ್ ಕಾರ್ಕಳದ ಕಡೆಯವರು. ಮನೆಮಾತು ತುಳು. ಐವತ್ತರ ಹತ್ತಿರದ ವಯಸ್ಸು, ಕುಳ್ಳು ಆಳು, ಕಿವಿಯ ಹಿಂದೆ ಸದಾ ಒಂದು ಪೆನ್ಸಿಲ್ಲು. ಊರಿನಲ್ಲಿ ಏಳನೇ ಕ್ಲಾಸಿನವರೆಗೆ ಕನ್ನಡ ಶಾಲೆ, ಆಮೇಲೆ ಮುಂಬಯಿಯ ಗ್ಯಾರೇಜು, ಅಲ್ಲಿಂದ ಮಸ್ಕತ್. ಹಿಂದಿ, ಮಲಯಾಳ, ಕೆಲಸಕ್ಕೆ ಬೇಕಾದಷ್ಟು ಅರಬಿ ಎಲ್ಲ ಮಾತಾಡುತ್ತಿದ್ದರು. ಇಂಗ್ಲಿಷ್ ಕೇಳಿದರೆ ಸುಮಾರಾಗಿ ತಿಳಿಯುತ್ತಿತ್ತು, ಓದಲು ಬರೆಯಲು ಬರುತ್ತಿರಲಿಲ್ಲ. ಮೊದಲ ವಾರ ನನ್ನನ್ನು ಮೇಡಂ, ನೀವು ಎನ್ನುತ್ತಿದ್ದರು. ಒಂದು ದಿನ ನನ್ನ ಡಬ್ಬಿಯ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟೆ. ತಿಂದು ಕೈ ತೊಳೆದುಕೊಂಡು ಬಂದವರು, "ನಿಮ್ಮ ಊರಿನ ರೊಟ್ಟಿ ಗ್ಯಾಸ್ಕೆಟಿನ ಹಾಗೆ ಉಂಟು ಮಾರಾಯ್ತಿ, ಆದ್ರೆ ರುಚಿ ಉಂಟು ತಂಗಿ" ಎಂದರು. ಅಂದಿನಿಂದ ನಾನು ತಂಗಿ, ಅವರು ಅಣ್ಣ.

ಆ ವ್ಯಾನನ್ನು ಅವರು ಬಯ್ಯಲು ಬಿಡುತ್ತಿರಲಿಲ್ಲ. ಮೆಕ್ಯಾನಿಕ್ಕುಗಳು ಯಾರಾದರೂ ಡಬ್ಬಾ ಎಂದರೆ ರೇಗುತ್ತಿದ್ದರು. ಜಪಾನಿನವರು ಯಾವ ಕಾಲದಲ್ಲೋ ಮಾಡಿದ ಸಣ್ಣ ವ್ಯಾನಿನ ಮೊಮ್ಮಗ ಇದು, ನಮ್ಮ ಓಮ್ನಿಯ ದಾಯಾದಿ, ಬಡವರ ಗಾಡಿ, ಎಂಜಿನ್ನು ಗಟ್ಟಿ ಉಂಟು ಎನ್ನುತ್ತಿದ್ದರು. ಬಾನೆಟ್ಟು ಎತ್ತುವ ಗೊಡವೆಯೇ ಇಲ್ಲ, ಸೀಟು ಮಡಚಿದರೆ ಎಂಜಿನ್ನು. ಒಮಾನಿನ ಬಿಸಿಲಿಗೆ ಡ್ರೈವರನ ಕುಂಡೆ ಬೇಯಬಾರದು ಎಂದು ಅವರೇ ಸೀಟಿನ ಅಡಿಗೆ ಗೋಣಿ ಮಡಚಿ ಹಾಕಿಸುವ ಉಪಾಯ ಹುಡುಕಿದ್ದರು. ಗಾಡಿ ಮಾಡಿದವರದು ತಪ್ಪಲ್ಲ ತಂಗಿ, ಅಲ್ಲಿಯ ತಂಪಿಗೆ ಮಾಡಿದ್ದನ್ನು ಇಲ್ಲಿಯ ಬೆಂಕಿಗೆ ತಂದವರು ನೋಡಿಕೊಳ್ಳಬೇಕು ಎನ್ನುತ್ತಿದ್ದರು. ನೋಡಿಕೊಳ್ಳಬೇಕಾದವರು ಅಲ್ ಅಜೈಬಾದಲ್ಲಿ ಬ್ಯಾನರು ಕಟ್ಟಿಸುವುದರಲ್ಲಿ ಮುಳುಗಿದ್ದರು.

ಎರಡನೆಯ ಸಲ ಬಂದ ವ್ಯಾನುಗಳು ತಿಂಗಳುಗಟ್ಟಲೆ ಬಯಲಿನ ಯಾರ್ಡಿನಲ್ಲಿ ಬಿಸಿಲಿಗೆ ನಿಂತಿದ್ದವು. ಅವು ವರ್ಕ್‌ಶಾಪಿಗೆ ಬಂದ ದಿನ ಅಣ್ಣ ಮುಂದಿನ ಚಕ್ರದ ಒಳಗೆ ಕೈ ತೂರಿಸಿ ಬ್ರೇಕಿನ ಎಣ್ಣೆ ಹರಿಯುವ ರಬ್ಬರಿನ ಹೋಸನ್ನು ಬೆರಳಲ್ಲಿ ಬಗ್ಗಿಸಿ ನನಗೆ ತೋರಿಸಿದರು. ಒಡೆದ ಹಿಮ್ಮಡಿಯ ಹಾಗೆ ಬಿರುಕು. ಹತ್ತು ಗಾಡಿಯಲ್ಲಿ ನಾಲ್ಕಕ್ಕೆ ಹಾಗೇ ಇತ್ತು. ಖಾಲಿ ಗಾಡಿ ಊರೊಳಗೆ ಓಡಿಸಿದರೆ ಏನೂ ಆಗುವುದಿಲ್ಲ, ಭಾರ ಹಾಕಿ ಬೆಟ್ಟದ ಇಳಿಜಾರಿನಲ್ಲಿ ಜೋರಾಗಿ ಬ್ರೇಕ್ ಒತ್ತಿದರೆ ಹೋಸು ಹರಿಯುತ್ತದೆ, ಎಣ್ಣೆ ಚೆಲ್ಲುತ್ತದೆ, ಆಮೇಲೆ ದೇವರೇ ಗತಿ ಎಂದರು. ಅದರಲ್ಲೂ ಈ ವ್ಯಾನಿಗೆ ಮೂಗೇ ಇಲ್ಲ. ಗುದ್ದಿದರೆ ಡ್ರೈವರನ ಮೊಣಕಾಲೇ ಬಂಪರು.

ಈಗ ನನ್ನ ಕೆಲಸ ಏನಾಗಿತ್ತು ಎಂದು ಹೇಳಬೇಕು. ಗಿರಾಕಿಗೆ ಕೊಡುವ ಮೊದಲು ಪ್ರತಿ ಗಾಡಿಯನ್ನೂ ಫೋರ್‌ಮನ್ ತಪಾಸಣೆ ಮಾಡಿ ವರದಿ ಕೊಡಬೇಕು. ನನಗಿಂತ ಮೊದಲು ಅವರು ಇಂಗ್ಲಿಷ್ ಫಾರಂನಲ್ಲಿ ಬರೀ ಟಿಕ್ಕು ಹಾಕುತ್ತಿದ್ದರಂತೆ. ನನಗೆ ಕನ್ನಡ ಓದಲು ಬರುತ್ತದೆ ಎಂದು ಗೊತ್ತಾದ ಮೇಲೆ ಅವರ ಸಂತೋಷ ಹೇಳತೀರದು. ಫಾರಂ ಹಿಂಬದಿಯಲ್ಲಿ ಪೆನ್ಸಿಲ್ಲಿನಿಂದ ಪುಟ ತುಂಬ ಬರೆಯತೊಡಗಿದರು, ಪ್ರೈಮರಿ ಶಾಲೆಯ ದುಂಡು ಅಕ್ಷರ. ನಾನು ಅದನ್ನು ಇಂಗ್ಲಿಷಿಗೆ ಮಾಡಿ ಟೈಪಿಸಬೇಕು. ಕೆಳಗೆ ಅವರು ಕನ್ನಡದಲ್ಲೇ ಸಹಿ ಹಾಕುತ್ತಿದ್ದರು. ನಾನು ಟೈಪಿಸಿದ್ದನ್ನು ಓದಿ ಹೇಳಲು ಹೋದರೆ ಬೇಡ ಎಂದು ಕೈ ಆಡಿಸುತ್ತಿದ್ದರು. "ನೀನು ಬರ್ದದ್ದಲ್ವಾ, ಮತ್ತೆ ಎಂತ ಕೇಳುದು?"

ಆ ಇಡೀ ಆಫೀಸಿನಲ್ಲಿ ಅವರ ಅಕ್ಷರ ಓದಬಲ್ಲವಳು ನಾನೊಬ್ಬಳೇ.

ಸರ್ವಿಸ್ ಮ್ಯಾನೇಜರ್ ಯಾವ ರಾಜ್ಯದವನು ಎಂದು ಬರೆಯುವುದಿಲ್ಲ, ಅಂಥವರು ಎಲ್ಲ ರಾಜ್ಯದಲ್ಲೂ ಇದ್ದಾರೆ. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಇಂಗ್ಲಿಷು. ಮೊದಲ ನಾಲ್ಕೈದು ವರದಿ ಓದಿದವನೇ ನನ್ನನ್ನು ಕರೆದ. ಈ ಮನುಷ್ಯ ಒರಟ, ಹೆಡ್ ಆಫೀಸಿಗೆ ಇಂಥ ಭಾಷೆ ಹೋದರೆ ಅವನ ಕೆಲಸ ಹೋಗುತ್ತದೆ, ನಿಮ್ಮ ಊರಿನವನಲ್ಲವೇ, ಸ್ವಲ್ಪ ಮೃದು ಮಾಡಿ ಬರೆಯಿರಿ ಮೇಡಂ, ಅವನಿಗೇ ಒಳ್ಳೆಯದು ಎಂದ. ನಾನು ನಂಬಿದೆ. ನಂಬಿದೆ ಎನ್ನುವುದಕ್ಕಿಂತ ನಂಬಲು ಹಿತವಾಗಿತ್ತು. ನಾಲ್ಕು ಜನ ಕನ್ನಡದವರು ಸಿಕ್ಕಿದ ಕಡೆಯಲ್ಲೆಲ್ಲ ನಮ್ಮದು ಇದೇ ಚಾಳಿ ಅಲ್ಲವೇ? ನಮ್ಮವರ ಮಾತಿನ ಮುಳ್ಳು ತೆಗೆದು ದೊಡ್ಡವರ ಮುಂದೆ ಇಡುವುದು, ಇಬ್ಬರಿಗೂ ಉಪಕಾರ ಮಾಡಿದೆವೆಂದು ಬೀಗುವುದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಅಣ್ಣನಿಗೂ ಒಮ್ಮೆ ಹೇಳಿದ್ದೆ. "ಅಣ್ಣಾರ, ಇಷ್ಟು ಖಾರಾಗಿ ಬರದ್ರ ಹೆಂಗ್ರಿ? ಸ್ವಲ್ಪ ನಯಾಗಿ ಬರೀರಿ." ಅವರು ಪೆನ್ಸಿಲ್ಲು ಕಿವಿಯ ಹಿಂದೆ ಸಿಕ್ಕಿಸಿಕೊಂಡು ನಕ್ಕರು. "ಹೋಸು ಬಿರಿದದ್ದು ಬಿರಿದದ್ದೇ ತಂಗಿ. ಅದಕ್ಕೆ ನಯ ಎಂತ ಉಂಟು?"

ಆದರೂ ನಾನು ನಯ ಮಾಡಿದೆ.

ಬೆಟ್ಟದಾಚೆಯ ಇಬ್ರಾ ಊರಿನ ಒಬ್ಬ ಒಮಾನಿ ಅಜ್ಜ ವ್ಯಾನು ಕೊಂಡಿದ್ದ. ಅಲ್ಲಿಯ ಸಂತೆಬೀದಿ ಸೂಕ್‌ನಲ್ಲಿ ಖರ್ಜೂರ, ನಿಂಬೆಹಣ್ಣು ಮಾರುವವನು. ಜೀವನದಲ್ಲಿ ಮೊದಲ ಹೊಸ ಗಾಡಿ. ತೆಗೆದುಕೊಂಡು ಹೋಗಲು ಬಂದ ದಿನ ಬಿಳಿ ನಿಲುವಂಗಿ ದಿಶ್‌ದಾಶ, ತಲೆಗೆ ಕಸೂತಿಯ ಟೋಪಿ, ಕೈಯಲ್ಲಿ ಒಂದು ಬುಟ್ಟಿ ಖರ್ಜೂರ. ವರ್ಕ್‌ಶಾಪಿನ ಪ್ರತಿಯೊಬ್ಬರಿಗೂ ತಾನೇ ಹಂಚಿದ, ನನ್ನ ಮೇಜಿನ ಮೇಲೂ ಒಂದು ಮುಷ್ಟಿ ಇಟ್ಟ. ಹಿಂದಿನ ದಿನವೇ ಆ ಗಾಡಿಯ ವರದಿ ಅಣ್ಣ ಬರೆದಿದ್ದರು. ಮುಂದಿನ ಎಡಗಡೆ ಹೋಸು ಬಿರಿದಿದೆ, ಲೋಡು ಹಾಕಿ ಇಳಿಜಾರಿನಲ್ಲಿ ಒತ್ತಿದರೆ ಹರಿಯುತ್ತದೆ, ಬದಲಾಯಿಸದೆ ಈ ಗಾಡಿಯನ್ನು ಗಿರಾಕಿಗೆ ಕೊಡಬಾರದು. ನಾನು ಟೈಪಿಸಿದ್ದು ಹೀಗೆ: ಹೋಸನ್ನು ಮುಂದಿನ ಸರ್ವಿಸಿನಲ್ಲಿ ಗಮನಿಸುವುದು, ಉಳಿದಂತೆ ಗಾಡಿ ತೃಪ್ತಿಕರ. ಅಣ್ಣ ನೋಡದೆ ಸಹಿ ಹಾಕಿದ್ದರು.

ಹೋಸು ಬದಲಾಯಿಸಲು ಅಣ್ಣನಿಗೆ ಬೇಕಾಗಿದ್ದುದು ಒಂದೇ ದಿನ. ಜಪಾನಿನ ಪಿಕಪ್ಪಿನ ಹೋಸು ಈ ವ್ಯಾನಿಗೆ ಸರಿಯಾಗಿ ಕೂರುತ್ತದೆ ಎಂದು ಅವರು ಕಂಡುಹಿಡಿದಿದ್ದರು, ಪಕ್ಕದ ಬೀದಿಯ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಹೇಳಿಯೂ ಇಟ್ಟಿದ್ದರು. ಬೇರೆ ಕಂಪನಿಯ ಮಾಲು ಹಾಕಿದರೆ ನಮ್ಮ ಗಾಡಿಯಲ್ಲಿ ದೋಷ ಇದೆ ಎಂದು ಒಪ್ಪಿದ ಹಾಗಾಗುತ್ತದೆ ಎಂದು ಮ್ಯಾನೇಜರ್ ಬಿಡಲಿಲ್ಲ. ಅಜ್ಜ ಸೀಟಿನಲ್ಲಿ ಕೂತಾಗ ಅಣ್ಣ ಬಾಗಿಲು ಹಿಡಿದು ನಿಂತರು. "ಬಾಬಾ, ಬ್ರೇಕ್ ಮಾಫಿ ಝೇನ್. ಬುಕ್ರಾ ತಾಲ್." ಬ್ರೇಕ್ ಚೆನ್ನಾಗಿಲ್ಲ, ನಾಳೆ ಬಾ. ಅಜ್ಜ ಗಾಬರಿಯಿಂದ ಮ್ಯಾನೇಜರನ ಕಡೆ ನೋಡಿದ. ಮ್ಯಾನೇಜರ್ ನಗುತ್ತ ಮುಂದೆ ಬಂದು, ಹೊಸ ಬ್ರೇಕ್ ಅಲ್ಲವೇ, ಪಳಗಲು ನಾಲ್ಕು ದಿನ ಬೇಕು ಅಂತ ಹೇಳುತ್ತಿದ್ದಾನೆ, ಯಲ್ಲಾ ಹೊರಡಿ ಎಂದು ಬಾನೆಟ್ಟಿಲ್ಲದ ಆ ಗಾಡಿಯ ಮುಖಕ್ಕೆ ಒಂದು ಏಟು ತಟ್ಟಿದ. ಅಜ್ಜ ಹೊರಟೇ ಹೋದ.

ಅಣ್ಣ ನನ್ನ ಆಫೀಸಿನ ಬಾಗಿಲಿಗೆ ಬಂದರು. ಮುಖ ಕೆಂಪಾಗಿತ್ತು. "ನಾನು ಬರ್ದದ್ದನ್ನು ಓದಿಯೂ ಕೊಟ್ಟನಲ್ಲ ತಂಗಿ ಇವ! ಎಂತ ಜನ ಇವರು?" ಆಗ ಹೇಳಬಹುದಿತ್ತು. ಅಣ್ಣಾರ, ನೀವು ಬರೆದದ್ದು ಅಲ್ಲಿಗೆ ಹೋಗಿಯೇ ಇಲ್ಲ ಎಂದು ಒಂದು ಮಾತು. ಅಜ್ಜ ಇನ್ನೂ ಪಕ್ಕದ ರೂವಿಯನ್ನೂ ದಾಟಿರುತ್ತಿರಲಿಲ್ಲ, ಅಣ್ಣ ಯಾರದಾದರೂ ಗಾಡಿ ಹತ್ತಿ ಬೆನ್ನಟ್ಟಿ ಹಿಡಿಯುತ್ತಿದ್ದರು. ಅಂಥ ಮನುಷ್ಯ. ನಾನು ಖರ್ಜೂರದ ಬೀಜ ಉಗಿಯಲು ಕಸದ ಬುಟ್ಟಿ ಹುಡುಕುತ್ತಿದ್ದೆ...

ಹನ್ನೊಂದು ದಿನ ಕಳೆದಿತ್ತು. ಅಜ್ಜ ಖರ್ಜೂರದ ಮೂಟೆ ತುಂಬಿಕೊಂಡು ಮಸ್ಕತ್ತಿಗೆ ಬರುವಾಗ ಬೆಟ್ಟದ ಇಳಿಜಾರಿನಲ್ಲಿ ಬ್ರೇಕ್ ಹೋಯಿತು. ಎದುರಿನ ಲಾರಿಯನ್ನು ತಪ್ಪಿಸಲು ಗಾಡಿಯನ್ನು ಬಂಡೆಗೆ ಕೊಟ್ಟನಂತೆ. ಜೀವ ಉಳಿಯಿತು, ಬಲಗಾಲು ಮೊಣಕಾಲಿನ ಮೇಲಿನವರೆಗೆ ಹೋಯಿತು. ಅಣ್ಣ ಶುಕ್ರವಾರ ಶೇರ್ ಟ್ಯಾಕ್ಸಿಯಲ್ಲಿ ಇಬ್ರಾಕ್ಕೆ ಹೋಗಿ ಆಸ್ಪತ್ರೆಯಲ್ಲಿ ಅವನ ಪಕ್ಕ ಕೂತು ಬಂದರು. 

ಪೊಲೀಸರು ಗಾಡಿಯ ಕಾಗದಪತ್ರ ಕೇಳಿದ್ದರು. ಅದಕ್ಕೆ ಮೊದಲು ಕಂಪನಿಯೇ ವಿಚಾರಣೆ ಮಾಡಿತು. ಹೆಡ್ ಆಫೀಸಿನಿಂದ ಒಬ್ಬರು ಒಮಾನಿ ಹಿರಿಯರು ಬಂದರು. ಮೆಲುಮಾತಿನ ಮನುಷ್ಯ, ಸಿಟ್ಟು ಮಾಡುವವರಲ್ಲ, ನಿಜ ಏನೆಂದು ತಿಳಿಯಲೆಂದೇ ಬಂದವರು. ಇದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಎಷ್ಟೋ ವರ್ಷ ನಾನು ಅವರೂ ಮ್ಯಾನೇಜರನ ಕಡೆಯವರೇ ಎಂದು ನನಗೇ ಹೇಳಿಕೊಂಡು ತಿರುಗಿದ್ದೇನೆ. ಸುಳ್ಳು. ಆ ಕೋಣೆಯಲ್ಲಿ ನಿಜ ಕೇಳಲು ಒಬ್ಬರು ತಯಾರಿದ್ದರು.

ಅವರ ಕೋಣೆಗೆ ಹೋಗುವ ಮೊದಲು ಮ್ಯಾನೇಜರ್ ಕಾರಿಡಾರಿನಲ್ಲಿ ನನ್ನನ್ನು ನಿಲ್ಲಿಸಿದ. ನಿಮ್ಮ ಯಜಮಾನರ ವೀಸಾ ಈ ತಿಂಗಳೇ ನವೀಕರಣ ಅಲ್ಲವೇ ಎಂದು ಕುಶಲ ವಿಚಾರಿಸುವವನ ಹಾಗೆ ಕೇಳಿದ. ಆಮೇಲೆ, ಮೇಡಂ, ಟೈಪಿಸಿದ್ದು ನೀವು, ನಾನು ಸುಳ್ಳು ಬರೆಯಿರಿ ಅಂತ ಎಲ್ಲೂ ಹೇಳಿಲ್ಲ ಎಂದ. ಅಷ್ಟೇ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತನ್ನನ್ನು ತೆಗೆದುಕೊಂಡುಬಿಟ್ಟ. ಅವನ ಆ ಮುಖ ನೆನಪಾದರೆ ನನಗೆ ಈಗಲೂ ಕೈ ತುರಿಸುತ್ತದೆ.

ಮನೆಯಲ್ಲಿ ಹಿಂದಿನ ದಿನವೇ ನನ್ನವರ ಹತ್ತಿರ ಎಲ್ಲ ಹೇಳಿದ್ದೆ. ಅವರು ಊಟದ ತಟ್ಟೆಯಿಂದ ತಲೆ ಎತ್ತದೆ, "ಊರ ಉಸಾಬರಿ ನಮಗ್ಯಾಕ? ಹುಡುಗನ ಸಾಲಿ ಅದ, ಮನಿ ಬಾಡಿಗಿ ಅದ. ಸುಮ್ನಿರು" ಎಂದರು. ಅವರ ಮೇಲೂ ನನಗೆ ಸಿಟ್ಟಿದೆ. ಆದರೆ ನ್ಯಾಯ ಹೇಳಬೇಕೆಂದರೆ ಅವರು ಹೇಳಿದ್ದು ಮಾತ್ರ, ಮಾಡಿದವಳು ನಾನು.

ಕೋಣೆಯಲ್ಲಿ ನಾಲ್ಕು ಜನ. ಹಿರಿಯರು, ಮ್ಯಾನೇಜರ್, ಅಣ್ಣ, ನಾನು. ಮೇಜಿನ ಮೇಲೆ ಎರಡು ಕಾಗದ. ಒಂದು ನಾನು ಟೈಪಿಸಿದ ಇಂಗ್ಲಿಷ್ ವರದಿ, ಕೆಳಗೆ ಅಣ್ಣನ ಸಹಿ. ಇನ್ನೊಂದು ಫಾರಂ ಹಿಂಬದಿಯ ಕನ್ನಡ. ಅಣ್ಣ ಹಿಂದಿಯಲ್ಲಿ ಹೇಳಿದರು, ನಾನು ಗಾಡಿ ಕೊಡಬೇಡಿ ಎಂದು ಬರೆದಿದ್ದೇನೆ, ಇಗೋ ಇದೇ ಕಾಗದ, ಈ ಹೆಣ್ಣುಮಗಳಿಗೆ ನಮ್ಮ ಭಾಷೆ ಬರುತ್ತದೆ, ಓದಲಿ. ಅವರ ದನಿಯಲ್ಲಿ ಒಂದಿಷ್ಟೂ ಭಯ ಇರಲಿಲ್ಲ. ನನ್ನ ಕಡೆ ನೋಡಿ ಧೈರ್ಯ ಹೇಳುವ ಹಾಗೆ ಕಣ್ಣು ಮಿಟುಕಿಸಿದರು. ಪಾಪ, ನಾನು ದೊಡ್ಡವರ ಮುಂದೆ ಹೆದರಿದ್ದೇನೆ ಎಂದುಕೊಂಡಿದ್ದರು.

ಹಿರಿಯರು ಕನ್ನಡದ ಕಾಗದವನ್ನು ನನ್ನ ಕಡೆ ಸರಿಸಿದರು. ಏನು ಬರೆದಿದೆ ಎಂದು ಇಂಗ್ಲಿಷಿನಲ್ಲಿ ಕೇಳಿದರು.

ನಾನು ಆ ದುಂಡು ಅಕ್ಷರಗಳ ಮೇಲೆ ಬೆರಳಿಟ್ಟು, ಸಾಲಿನ ಮೇಲೆ ಸಾಲು ಬೆರಳು ಸರಿಸುತ್ತ, ಟೈಪಿಸಿದ್ದನ್ನೇ ಬಾಯಿಪಾಠ ಹೇಳಿದೆ. ಹೋಸನ್ನು ಮುಂದಿನ ಸರ್ವಿಸಿನಲ್ಲಿ ಗಮನಿಸುವುದು. ಉಳಿದಂತೆ ಗಾಡಿ ತೃಪ್ತಿಕರ.

ಅಷ್ಟು ಇಂಗ್ಲಿಷ್ ಅಣ್ಣನಿಗೆ ತಿಳಿಯುತ್ತಿತ್ತು. ಒಂದು ಕ್ಷಣ ತಾವೇ ಏನೋ ತಪ್ಪು ಕೇಳಿಸಿಕೊಂಡೆವೆಂಬಂತೆ ಕಾಗದ ನೋಡಿದರು. ಆಮೇಲೆ ನನಗೆ ಮಾತ್ರ ಹೇಳಿದರು, ಕನ್ನಡದಲ್ಲಿ, ಮಕ್ಕಳಿಗೆ ಹೇಳಿಕೊಡುವವರ ಹಾಗೆ ನಿಧಾನಕ್ಕೆ. "ಸರಿಯಾಗಿ ಓದು ತಂಗಿ."

ಅವರು ಏನೆನ್ನುತ್ತಿದ್ದಾರೆ ಎಂದು ಹಿರಿಯರು ಕೇಳಿದರು.

"ಹೌದು ಎನ್ನುತ್ತಿದ್ದಾರೆ" ಎಂದೆ.

ಇಷ್ಟು ಬರೆದು ನಾನು ಎದ್ದು ಹೋಗಿ ನೀರು ಕುಡಿದು ಬಂದೆ. ಅಣ್ಣನ ಮೇಲೂ ನನಗೆ ಆಗ ಸಿಟ್ಟು ಬಂದಿತ್ತು, ಈಗಲೂ ಒಮ್ಮೊಮ್ಮೆ ಬರುತ್ತದೆ. ಮೇಜು ಗುದ್ದಬಾರದಿತ್ತೇ? ವಾದಿ ಕಬೀರ್‌ನಲ್ಲಿ ಕನ್ನಡ ಓದುವವರು ನಾನೊಬ್ಬಳೇ ಇದ್ದೆನೇ? ಬೀದಿಗಿಳಿದು ಹತ್ತು ಜನರನ್ನು ಕರೆದುಕೊಂಡು ಬರಬಹುದಿತ್ತು. ಅವರು ಏನೂ ಮಾಡಲಿಲ್ಲ. ಎದ್ದು ನಿಂತು, ಅಂಗಿಯ ತುದಿ ಎಳೆದುಕೊಂಡು, "ಖಲಾಸ್" ಎಂದು ಹೊರಗೆ ಹೋದರು. ಕನ್ನಡದ ಕಾಗದಗಳಿದ್ದ ಇಡೀ ಫೈಲು ಮಾರನೆಯ ದಿನ ನನ್ನ ಕಪಾಟಿನಲ್ಲಿ ಇರಲಿಲ್ಲ. ಎಲ್ಲಿ ಹೋಯಿತು ಎಂದು ನಾನು ಕೇಳಲಿಲ್ಲ.

ವಾರದೊಳಗೆ ಅವರ ವೀಸಾ ರದ್ದಾಯಿತು. ಕಂಪನಿಯ ಪಿಕಪ್ಪಿನಲ್ಲಿ ಏರ್‌ಪೋರ್ಟಿಗೆ ಕಳಿಸಿದರು. ಇಪ್ಪತ್ತೆರಡು ವರ್ಷ ದುಡಿದ ಮನುಷ್ಯ ಒಂದು ಸೂಟ್‌ಕೇಸು, ಹಗ್ಗ ಕಟ್ಟಿದ ಒಂದು ರಟ್ಟಿನ ಪೆಟ್ಟಿಗೆ ಹಿಡಿದು ಹೊರಟರು. ಮೆಕ್ಯಾನಿಕ್ಕುಗಳೆಲ್ಲ ಗೇಟಿನ ಹತ್ತಿರ ನಿಂತಿದ್ದರು. ನಾನು ಟೈಪ್ ಮಾಡುತ್ತಿದ್ದೆ. ಏನು ಟೈಪ್ ಮಾಡುತ್ತಿದ್ದೆ ಎಂಬುದೂ ನೆನಪಿಲ್ಲ, ಕೀಲಿಗಳ ಸದ್ದು ಮಾತ್ರ...

ಮುಂದಿನ ತಿಂಗಳು ಏನಾಯಿತು ಗೊತ್ತೇ? ಮಾರಿದ ವ್ಯಾನುಗಳನ್ನೆಲ್ಲ ಉಚಿತ ತಪಾಸಣೆ ಎಂದು ಕರೆಸಿ, ಸದ್ದಿಲ್ಲದೆ ಹೋಸು ಬದಲಾಯಿಸಿದರು. ಹಾಕಿದ್ದು ಯಾವುದು? ಅಣ್ಣ ಹೇಳಿದ ಅದೇ ಪಿಕಪ್ಪಿನ ಹೋಸು, ಅದೇ ಪಕ್ಕದ ಬೀದಿಯ ಅಂಗಡಿಯಿಂದ. ಮ್ಯಾನೇಜರ್ ಮುಂಜಾಗ್ರತೆ ವಹಿಸಿದ್ದಕ್ಕೆ ಬಡ್ತಿ ಪಡೆದು ಅಲ್ ಅಜೈಬಾದ ಗಾಜಿನ ಕೋಣೆಗೆ ಹೋದ. ಎರಡು ಮೂರು ವರ್ಷದಲ್ಲಿ ಕಂಪನಿ ಆ ವ್ಯಾನು ತರಿಸುವುದನ್ನೇ ನಿಲ್ಲಿಸಿತು. ಉಳಿದವು ಯಾರ್ಡಿನಲ್ಲಿ ಬಣ್ಣ ಸುಲಿದುಕೊಂಡು ನಿಂತವು. ಒಂದರೊಳಗೆ ಯಾರ್ಡಿನ ಕಾವಲುಗಾರ ಕೋಳಿ ಸಾಕಿದ್ದ. ಹೊರಗೆ ಮಾತ್ರ ಲಾಂಡ್ರಿಯವರು, ಬೇಕರಿಯವರು ತಮ್ಮ ವ್ಯಾನುಗಳನ್ನು ತಂತಿ ಕಟ್ಟಿ, ಬೆಸುಗೆ ಹಾಕಿ ಇನ್ನೂ ಓಡಿಸುತ್ತಲೇ ಇದ್ದರು. ಎಂಜಿನ್ನು ಗಟ್ಟಿ ಎಂದು ಅಣ್ಣ ಹೇಳಿದ್ದು ಸುಳ್ಳಾಗಲಿಲ್ಲ. ನಾನು ಕೆಲಸ ಬಿಟ್ಟೆನೇ ಎಂದು ಕೇಳುತ್ತೀರಿ. ಬಿಡಲಿಲ್ಲ. ಇನ್ನೂ ಮೂರು ವರ್ಷ ಅದೇ ಕುರ್ಚಿಯಲ್ಲಿ ಕೂತಿದ್ದೆ. ಕಾಲು ಕಳೆದುಕೊಂಡ ಅಜ್ಜನನ್ನು ನೋಡಲು ಒಮ್ಮೆಯೂ ಹೋಗಲಿಲ್ಲ.

ಓಮ್ನಿಯಲ್ಲಿ ಆ ವಾಸನೆ ಬಡಿದ ದಿನ ರಾತ್ರಿಯೇ ಮಸ್ಕತ್ತಿನ ಹಳೆಯ ಪರಿಚಯದವರಿಗೆ ಒಬ್ಬೊಬ್ಬರಿಗಾಗಿ ಮೆಸೇಜು ಹಾಕಿದೆ. ನಾಲ್ಕನೆಯ ದಿನ ಅಣ್ಣನ ಊರಿನ ವಿಳಾಸ ಸಿಕ್ಕಿತು. ಅವರು ತೀರಿಹೋಗಿ ಮೂರು ವರ್ಷವಾಯಿತು ಎಂಬುದೂ ಅದರ ಜೊತೆಗೇ ಬಂತು.  ಹದಿನೈದು ವರ್ಷ ಸುಮ್ಮನಿದ್ದು ಈಗ ಯಾರ ಹತ್ತಿರ ಹೋಗಿ ಏನು ಹೇಳುವುದು? ಆದರೂ ಬಸ್ಸು ಹತ್ತಿದೆ.

ಕಾರ್ಕಳದಿಂದ ಆಟೋದಲ್ಲಿ ಹೋಗುವಷ್ಟು ದೂರ, ರಸ್ತೆ ಬದಿಯ ಸಣ್ಣ ತಾರಸಿ ಮನೆ. ಅಣ್ಣನ ಹೆಂಡತಿ ಮೊಣಕಾಲು ನೋವೆಂದು ಕುರ್ಚಿಯಲ್ಲಿ ಕೂತಿದ್ದರು. ಮಸ್ಕತ್ತಿನ ಆಫೀಸಿನಲ್ಲಿದ್ದವಳು ಎಂದು ಹೇಳಿದ ಕೂಡಲೇ, "ರೊಟ್ಟಿ ಕೊಡ್ತಿದ್ದ ತಂಗಿಯಾ ನೀವು?" ಎಂದು ಕೈ ಹಿಡಿದುಕೊಂಡರು. ನನಗೆ ಆ ಕೈ ಬಿಡಿಸಿಕೊಂಡರೆ ಸಾಕಾಗಿತ್ತು. ಊರಿಗೆ ಬಂದ ಮೇಲೆ ಅವರು ಸ್ಪ್ಯಾನರು ಮುಟ್ಟಲಿಲ್ಲವಂತೆ. ಗೇರುಬೀಜದ ಫ್ಯಾಕ್ಟರಿಯ ಗೇಟಿನಲ್ಲಿ ಕೂತುಕೊಂಡು ಬರುವ ಹೋಗುವ ಲಾರಿ ನೋಡುವ ಕೆಲಸ ಮಾಡಿದರಂತೆ. ಮಗಳು ಬ್ಯಾಂಕಿನಲ್ಲಿದ್ದಾಳೆ. ಅಂದು ಭಾನುವಾರವಾದ್ದರಿಂದ ಮನೆಯಲ್ಲೇ ಇದ್ದಳು. ಒಳಗಿನಿಂದ ಬಂದು ತಂದೆಯ ಹಾಗೇ ಕೈಕಟ್ಟಿ ನಿಂತಳು, ಕೂರಲಿಲ್ಲ.

ನಾನು ಹೇಳಿದೆ. ಪೂರ್ತಿ ಹೇಳಿದೆ, ಅವರು ಬರೆದದ್ದು, ನಾನು ಟೈಪಿಸಿದ್ದು, ಕೋಣೆಯಲ್ಲಿ ಓದಿದ್ದು. ನಯ ಮಾಡಲಿಲ್ಲ. ತಾಯಿಗೆ ಎಷ್ಟು ಅರ್ಥವಾಯಿತೋ, ಅವರು ಮಗಳ ಮುಖವನ್ನೇ ನೋಡುತ್ತಿದ್ದರು. ಮಗಳು ಒಳಗೆ ಹೋಗಿ ಪ್ಲಾಸ್ಟಿಕ್ ಕವರಿನಲ್ಲಿದ್ದ ಒಂದು ಕಾಗದ ತಂದು ನನ್ನ ಮುಂದೆ ಇಟ್ಟಳು. ಕಂಪನಿ ಕೊಟ್ಟ ವಜಾ ಪತ್ರ. ಕರ್ತವ್ಯದಲ್ಲಿ ನಿರ್ಲಕ್ಷ್ಯ ಮಾಡಿ ಅಪಾಯಕಾರಿ ವಾಹನವನ್ನು ತಪಾಸಣೆಯಲ್ಲಿ ಪಾಸು ಮಾಡಿದ್ದಕ್ಕಾಗಿ, ಗಿರಾಕಿಯ ಅಂಗಹಾನಿಗೆ ಕಾರಣನಾದದ್ದಕ್ಕಾಗಿ. ಮ್ಯಾನೇಜರ್ ಹೇಳುತ್ತ ಹೋಗಿದ್ದ, ನಾನು ಟೈಪಿಸುತ್ತ ಹೋಗಿದ್ದೆ. ಅದು ಮರೆತೇ ಹೋಗಿತ್ತು. ಮರೆಯುವುದು ಎಷ್ಟು ಸುಲಭ ನೋಡಿ, ಕೈ ನನ್ನದಾದರೂ ಹೆಸರು ಬೇರೆಯವರದಿದ್ದರೆ.

"ಪಿಯುಸಿಯಲ್ಲಿ ಇರುವಾಗ ನಾನು ಇದನ್ನು ಓದಿದ್ದು" ಎಂದಳು ಮಗಳು. "ಹೌದಾ ಅಂತ ಅಪ್ಪನ ಹತ್ರ ಕೇಳಿದೆ. ರಿಪೋರ್ಟಿನ ಸಹಿ ನಂದೇ ಅಂತ ಮಾತ್ರ ಹೇಳಿದ್ರು. ಒಬ್ಬರ ಕಾಲು ತೆಗ್ದವರು ಅಂತ ಮತ್ತೆ ನಾನು ಅವರ ಹತ್ರ ಸರಿಯಾಗಿ ಮಾತಾಡ್ಲೇ ಇಲ್ಲ. ಸಾಯುವವರೆಗೂ." ದನಿ ಏರಿರಲಿಲ್ಲ. "ನಿಮಗೆ ಕನ್ನಡ ಬರೀಲಿಕ್ಕೆ ಬರ್ತದಲ್ಲ? ಒಂದು ಕಾರ್ಡು ಹಾಕ್ಲಿಕ್ಕೆ ಆಗ್ಲಿಲ್ವಾ ನಿಮಗೆ?"

ಕ್ಷಮಿಸು ಎನ್ನಲು ಬಾಯಿ ತೆರೆದೆ. ಅವಳು ಕೈ ಅಡ್ಡ ಹಿಡಿದಳು. ಇಷ್ಟು ವರ್ಷ ನಾನು ಮ್ಯಾನೇಜರನ ಮೇಲೆ, ಗಂಡನ ಮೇಲೆ, ಅಣ್ಣನ ಮೇಲೆ ಸಿಟ್ಟು ಮಾಡಿಕೊಂಡು ಬದುಕಿದ್ದೆ. ಅದೆಲ್ಲ ಆ ಹುಡುಗಿಯ ಮುಂದೆ ನಾಟಕದ ಹಾಗೆ ಕಂಡಿತು. ಸಿಟ್ಟಾಗುವ ಹಕ್ಕು ಇದ್ದದ್ದು ಅವಳಿಗೆ.

ತಾಯಿ ಚಾ ಮಾಡು ಎಂದು ತುಳುವಿನಲ್ಲಿ ಹೇಳಿದರು. ಅವಳು ಮಾಡಲಿಲ್ಲ. ಒಂದು ಬಿಳಿ ಹಾಳೆ, ಪೆನ್ನು ತಂದು ಆ ಇಂಗ್ಲಿಷ್ ಪತ್ರದ ಪಕ್ಕ ಇಟ್ಟಳು.

"ಈಗ ಬರ್ದು ಕೊಡಿ. ನಡೆದದ್ದು ನಡೆದ ಹಾಗೆ. ಸಹಿ ಹಾಕಿ."

ಬರೆದೆ. ಒಂದೂವರೆ ಪುಟವಾಯಿತು.  ಅವಳು ನಿಂತುಕೊಂಡೇ ಮೊದಲಿನಿಂದ ಕೊನೆಯವರೆಗೆ ಓದಿದಳು, ಮತ್ತೊಮ್ಮೆ ಓದಿದಳು, ಆಮೇಲೆ ಹಾಳೆಯನ್ನು ವಾಪಸ್ಸು ನನ್ನ ಮುಂದೆ ಇಟ್ಟಳು.

"ತಾರೀಕು ಹಾಕ್ಲಿಲ್ಲ ನೀವು."

ಯಾವ ತಾರೀಕು ಎಂದು ಕೇಳಿದೆ. ಆ ಕೋಣೆಯ ದಿನದ್ದೋ, ಅವರು ಹೊರಟ ದಿನದ್ದೋ.

"ಇವತ್ತಿಂದೇ ಹಾಕಿ" ಎಂದಳು. "ಎಷ್ಟು ತಡ ಆಯ್ತು ಅಂತಲೂ ಗೊತ್ತಾಗ್ಬೇಕಲ್ಲ."